ವಿಲಿಯಂ ಇ. ಓಡಮ್

ವಿಲಿಯಂ ಎಲ್ಡ್ರಿಡ್ಜ್ ಓಡಮ್ (ಜೂನ್ 23, 1932 – ಮೇ 30, 2008) ಅಮೆರಿಕ ಸಂಯುಕ್ತ ಸಂಸ್ಥಾನದ ಭೂಸೇನೆಯ ನಿವೃತ್ತ ಲೆಫ್ಟಿನೆಂಟ್ ಜನರಲ್, ಸೋವಿಯೆತ್ ವ್ಯವಹಾರಗಳ ವಿದ್ವಾಂಸ, ಪ್ರಾಧ್ಯಾಪಕ ಮತ್ತು ಲೇಖಕ. 1985ರಿಂದ 1988ರವರೆಗೆ ಅವರು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ (ಎನ್‌ಎಸ್‌ಎ) ನಿರ್ದೇಶಕರಾಗಿದ್ದರು. ಸೇನೆಯಿಂದ ನಿವೃತ್ತರಾದ ಬಳಿಕ ಸುಮಾರು ಎರಡು ದಶಕಗಳ ಕಾಲ ಯೇಲ್ ಮತ್ತು ಜಾರ್ಜ್‌ಟೌನ್ ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಭದ್ರತಾ ನೀತಿ ಹಾಗೂ ರಷ್ಯಾದ ರಾಜಕಾರಣವನ್ನು ಬೋಧಿಸಿದರು. ಅಮೆರಿಕದ ಗುಪ್ತಚರ ವ್ಯವಸ್ಥೆಯ ಸುಧಾರಣೆಯನ್ನು ಕುರಿತು 2003ರಲ್ಲಿ ಪ್ರಕಟವಾದ ಅವರ 'ಫಿಕ್ಸಿಂಗ್ ಇಂಟೆಲಿಜೆನ್ಸ್' ಗ್ರಂಥವು ಗುಪ್ತಚರ ಅಧ್ಯಯನ ಕ್ಷೇತ್ರದ ಚರ್ಚೆಗಳಲ್ಲಿ ಪ್ರಮುಖವಾದುದು. ಇರಾಕ್ ಯುದ್ಧವನ್ನು ಆರಂಭದಿಂದಲೂ ಬಹಿರಂಗವಾಗಿ ವಿರೋಧಿಸಿದ ಹಿರಿಯ ಸೇನಾಧಿಕಾರಿಗಳಲ್ಲಿ ಅವರೂ ಒಬ್ಬರು.

ಆರಂಭಿಕ ಜೀವನ ಮತ್ತು ಶಿಕ್ಷಣ

ಓಡಮ್ ಅವರು ಟೆನ್ನೆಸ್ಸೀ ರಾಜ್ಯದ ಕುಕ್‌ವಿಲ್‌ನಲ್ಲಿ ಜನಿಸಿದರು. ವೆಸ್ಟ್ ಪಾಯಿಂಟ್‌ನಲ್ಲಿರುವ ಅಮೆರಿಕದ ಸೇನಾ ಅಕಾಡೆಮಿಯಿಂದ 1954ರಲ್ಲಿ ಪದವಿ ಪಡೆದು ಭೂಸೇನೆಗೆ ಸೇರಿದರು. ಸೇವೆಯಲ್ಲಿರುವಾಗಲೇ ರಷ್ಯನ್ ಭಾಷೆಯನ್ನು ಕಲಿತು, ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1962ರಲ್ಲಿ ರಷ್ಯಾ ಅಧ್ಯಯನದಲ್ಲಿ ಸ್ನಾತಕೋತ್ತರ ಪದವಿಯನ್ನೂ 1970ರಲ್ಲಿ ರಾಜ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದರು. ಮುಂದೆ ಅಮೆರಿಕದ ಅಧ್ಯಕ್ಷರ ರಾಷ್ಟ್ರೀಯ ಭದ್ರತಾ ಸಲಹೆಗಾರರಾದ ಝ್ಬಿಗ್ನಿಯೆವ್ ಬ್ರೆಝಿನ್ಸ್ಕಿ ಆ ಕಾಲದಲ್ಲಿ ಕೊಲಂಬಿಯಾದಲ್ಲಿ ಪ್ರಾಧ್ಯಾಪಕರಾಗಿದ್ದರು.

ಓಡಮ್ ಅವರ ಸಂಶೋಧನೆಯ ವಿಷಯ ಸೋವಿಯೆತ್ ಒಕ್ಕೂಟದ 'ಒಸೊಆವಿಯಾಖಿಮ್' ಎಂಬ ಸಾಮೂಹಿಕ ಸಂಘಟನೆ. ನಾಗರಿಕರಿಗೆ ಗುರಿಹೊಡೆಯುವುದು, ವಿಮಾನ ಹಾರಾಟ, ವಿಷಾನಿಲದಿಂದ ರಕ್ಷಣೆ ಮುಂತಾದ ತರಬೇತಿ ನೀಡುತ್ತಿದ್ದ ಈ ಸಂಘಟನೆಯನ್ನು ಕುರಿತ ಅವರ ಅಧ್ಯಯನವು 1973ರಲ್ಲಿ 'ದಿ ಸೋವಿಯೆತ್ ವಾಲಂಟಿಯರ್ಸ್' ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಸೋವಿಯೆತ್ ಸಮಾಜ ಮತ್ತು ಸೇನೆಯ ಸಂಬಂಧವನ್ನು ಅರಿಯುವ ಈ ಆಸಕ್ತಿ ಅವರಲ್ಲಿ ಕೊನೆಯವರೆಗೂ ಉಳಿಯಿತು.

ಸೇನಾ ವೃತ್ತಿ

ಪಾಟ್ಸ್‌ಡಾಮ್, ವೆಸ್ಟ್ ಪಾಯಿಂಟ್ ಮತ್ತು ಮಾಸ್ಕೋ

1964ರಿಂದ 1966ರವರೆಗೆ ಓಡಮ್ ಅವರು ಪೂರ್ವ ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿದ್ದ ಅಮೆರಿಕದ ಸೇನಾ ಸಂಪರ್ಕ ನಿಯೋಗದಲ್ಲಿ ಸೇವೆ ಸಲ್ಲಿಸಿದರು. 1947ರ ಒಪ್ಪಂದದಂತೆ ಈ ನಿಯೋಗದ 14 ಮಂದಿಗೆ ಸೋವಿಯೆತ್ ಅಧೀನದ ಪ್ರದೇಶದಲ್ಲಿ ಗುರುತಿನ ಫಲಕವುಳ್ಳ ವಾಹನಗಳಲ್ಲಿ ಸಂಚರಿಸುವ ಹಕ್ಕಿತ್ತು. ಹೆಸರಿಗೆ ಸಂಪರ್ಕ ಕಾರ್ಯವಾದರೂ, ಸೋವಿಯೆತ್ ಪಡೆಗಳ ಚಲನವಲನ ಮತ್ತು ಶಸ್ತ್ರಾಸ್ತ್ರಗಳನ್ನು ಹತ್ತಿರದಿಂದ ಗಮನಿಸುವುದೇ ಅದರ ಮುಖ್ಯ ಕೆಲಸವಾಗಿತ್ತು.

ಆ ನಂತರ 1966ರಿಂದ 1969ರವರೆಗೆ ಅವರು ವೆಸ್ಟ್ ಪಾಯಿಂಟ್‌ನ ಸಮಾಜ ವಿಜ್ಞಾನ ವಿಭಾಗದಲ್ಲಿ ಬೋಧಕರಾಗಿದ್ದರು. ಯುವ ಅಧಿಕಾರಿಗಳನ್ನು ಉನ್ನತ ಶಿಕ್ಷಣಕ್ಕಾಗಿ ನಾಗರಿಕ ವಿಶ್ವವಿದ್ಯಾಲಯಗಳಿಗೆ ಕಳುಹಿಸಿ, ಹಿಂದಿರುಗಿದ ಬಳಿಕ ಕೆಡೆಟ್‌ಗಳಿಗೆ ಪಾಠ ಹೇಳಲು ನೇಮಿಸುವುದು ಈ ವಿಭಾಗದ ಪದ್ಧತಿ. ಹೀಗಾಗಿ ಓಡಮ್ ಅವರ ಬೋಧನೆಯು ನಿವೃತ್ತಿಯ ಅನಂತರ ಆರಂಭವಾದುದಲ್ಲ. 1970–71ರಲ್ಲಿ ಅವರು ವಿಯೆಟ್ನಾಂನಲ್ಲಿ ಸೇವೆ ಸಲ್ಲಿಸಿದರು.

1972ರಿಂದ 1974ರವರೆಗೆ ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಸಹಾಯಕ ಸೇನಾ ಪ್ರತಿನಿಧಿಯಾಗಿದ್ದರು. ಲೇಖಕ ಅಲೆಕ್ಸಾಂಡರ್ ಸೊಲ್ಜೆನಿತ್ಸಿನ್ ಅವರನ್ನು ಸೋವಿಯೆತ್ ಸರ್ಕಾರ 1974ರ ಫೆಬ್ರವರಿಯಲ್ಲಿ ದೇಶದಿಂದ ಹೊರಹಾಕಿದಾಗ ಅವರ ಹಸ್ತಪ್ರತಿಗಳು ಮತ್ತು ದಾಖಲೆಗಳು ಮಾಸ್ಕೋದಲ್ಲೇ ಉಳಿದಿದ್ದವು. ಈ ಸಂಗ್ರಹದ ದೊಡ್ಡ ಭಾಗವನ್ನು ಗುಟ್ಟಾಗಿ ದೇಶದ ಹೊರಗೆ ಸಾಗಿಸುವಲ್ಲಿ ಓಡಮ್ ನೆರವಾದರು. ಸೊಲ್ಜೆನಿತ್ಸಿನ್ ಅವರ ಲೇಖಕರ ಸಂಘದ ಸದಸ್ಯತ್ವ ಚೀಟಿ ಹಾಗೂ ಎರಡನೆಯ ಮಹಾಯುದ್ಧದಲ್ಲಿ ಅವರಿಗೆ ದೊರೆತಿದ್ದ ಸೇನಾ ಪ್ರಶಸ್ತಿಪತ್ರಗಳೂ ಅದರಲ್ಲಿದ್ದವು. ಈ ವಿಷಯ ಬಹುಕಾಲ ಗೋಪ್ಯವಾಗಿತ್ತು. 1995ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ 'ಇನ್‌ವಿಸಿಬಲ್ ಅಲೈಸ್' ಎಂಬ ನೆನಪಿನ ಗ್ರಂಥದಲ್ಲಿ ಸೊಲ್ಜೆನಿತ್ಸಿನ್ ಅವರು ಓಡಮ್ ಅವರ ನೆರವನ್ನು ಕೃತಜ್ಞತೆಯಿಂದ ಸ್ಮರಿಸಿದ್ದಾರೆ.

ಮಾಸ್ಕೋದಿಂದ ಮರಳಿದ ಓಡಮ್ ವೆಸ್ಟ್ ಪಾಯಿಂಟ್‌ನಲ್ಲಿ ಮತ್ತೆ ಬೋಧನೆಯಲ್ಲಿ ತೊಡಗಿದರು. 1976ರಲ್ಲಿ 'ವರ್ಲ್ಡ್ ಪಾಲಿಟಿಕ್ಸ್' ವಿದ್ವತ್ಪತ್ರಿಕೆಯಲ್ಲಿ ಅವರ ಲೇಖನವೊಂದು ಪ್ರಕಟವಾಯಿತು. ಸೋವಿಯೆತ್ ರಾಜಕಾರಣವನ್ನು ಪಾಶ್ಚಾತ್ಯ ದೇಶಗಳಲ್ಲಿರುವಂತೆ ಹಿತಾಸಕ್ತಿ ಗುಂಪುಗಳ ಪೈಪೋಟಿಯಾಗಿ ವಿವರಿಸುವುದು ಆಗ ವಿದ್ವಾಂಸರಲ್ಲಿ ಬಳಕೆಗೆ ಬಂದಿತ್ತು. ಓಡಮ್ ಇದನ್ನು ಒಪ್ಪಲಿಲ್ಲ. ಆ ವ್ಯವಸ್ಥೆಯಲ್ಲಿ ಅಧಿಕಾರವು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ಅದನ್ನು ಅದರದೇ ತತ್ತ್ವ ಮತ್ತು ರಚನೆಯ ಆಧಾರದ ಮೇಲೆ ಅರ್ಥಮಾಡಿಕೊಳ್ಳಬೇಕು ಎಂಬುದು ಅವರ ನಿಲುವಾಗಿತ್ತು.

ಶ್ವೇತಭವನ

1977ರಲ್ಲಿ ಬ್ರೆಝಿನ್ಸ್ಕಿ ಅವರು ಓಡಮ್ ಅವರನ್ನು ತಮ್ಮ ಸೇನಾ ಸಹಾಯಕರನ್ನಾಗಿ ನೇಮಿಸಿಕೊಂಡರು. ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಅವಧಿ ಮುಗಿಯುವವರೆಗೆ ಅವರು ಈ ಹುದ್ದೆಯಲ್ಲಿದ್ದರು. ಅಣ್ವಸ್ತ್ರ ಬಳಕೆಯ ಯೋಜನೆಗಳನ್ನು ಮರುರೂಪಿಸಿದ, 1980ರ ಜುಲೈನಲ್ಲಿ ಸಹಿಯಾದ 59ನೆಯ ಅಧ್ಯಕ್ಷೀಯ ನಿರ್ದೇಶನವನ್ನು ಸಿದ್ಧಪಡಿಸಿದವರಲ್ಲಿ ಅವರು ಪ್ರಮುಖರು. ಸೋವಿಯೆತ್ ಒಕ್ಕೂಟದ ವಿಷಯದಲ್ಲಿ ಕಟ್ಟುನಿಟ್ಟಿನ ನಿಲುವು ತಳೆಯುತ್ತಿದ್ದವರೆಂದು ಅವರು ಆಗಲೇ ಹೆಸರಾಗಿದ್ದರು.

ಈ ಅವಧಿಯ ಒಂದು ಘಟನೆಯನ್ನು ಸಿಐಎಯ ಮಾಜಿ ನಿರ್ದೇಶಕ ರಾಬರ್ಟ್ ಗೇಟ್ಸ್ ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಒಂದು ರಾತ್ರಿ ಮೂರು ಗಂಟೆಗೆ ಓಡಮ್ ಅವರು ಬ್ರೆಝಿನ್ಸ್ಕಿ ಅವರಿಗೆ ದೂರವಾಣಿ ಕರೆ ಮಾಡಿ, ಸೋವಿಯೆತ್ ಒಕ್ಕೂಟವು 220 ಕ್ಷಿಪಣಿಗಳನ್ನು ಹಾರಿಸಿದೆ ಎಂಬ ಎಚ್ಚರಿಕೆ ಬಂದಿರುವುದಾಗಿ ತಿಳಿಸಿದರು. ಎರಡನೆಯ ಕರೆಯಲ್ಲಿ ಕ್ಷಿಪಣಿಗಳ ಸಂಖ್ಯೆ 2,200 ಎಂದಾಯಿತು. ಬ್ರೆಝಿನ್ಸ್ಕಿ ಅವರು ಅಧ್ಯಕ್ಷರಿಗೆ ಕರೆ ಮಾಡಲಿದ್ದ ಹೊತ್ತಿಗೆ ಮೂರನೆಯ ಕರೆ ಬಂದಿತು. ಬೇರೆ ಯಾವ ಎಚ್ಚರಿಕೆ ವ್ಯವಸ್ಥೆಯೂ ದಾಳಿಯನ್ನು ತೋರಿಸುತ್ತಿಲ್ಲ ಎಂದು ಓಡಮ್ ವರದಿ ಮಾಡಿದರು. ಅಣಕು ಅಭ್ಯಾಸಕ್ಕೆಂದು ಸಿದ್ಧಪಡಿಸಿದ್ದ ಟೇಪು ಗಣಕಯಂತ್ರ ವ್ಯವಸ್ಥೆಯಲ್ಲಿ ಸೇರಿಹೋದದ್ದು ಈ ಸುಳ್ಳು ಎಚ್ಚರಿಕೆಗೆ ಕಾರಣವೆಂದು ಗೇಟ್ಸ್ ಬರೆದಿದ್ದಾರೆ. ಒಂದು ಮೂಲದಿಂದ ಬಂದ ಮಾಹಿತಿಯನ್ನು ಮತ್ತೊಂದು ಸ್ವತಂತ್ರ ಮೂಲದಿಂದ ಪರಿಶೀಲಿಸಬೇಕೆಂಬ ನಿಯಮಕ್ಕೆ ಈ ಪ್ರಸಂಗವು ಉತ್ತಮ ನಿದರ್ಶನವಾಗಿದೆ.

ಭೂಸೇನೆಯ ಗುಪ್ತಚರ ವಿಭಾಗ ಮತ್ತು ಎನ್‌ಎಸ್‌ಎ

1981ರಿಂದ 1985ರವರೆಗೆ ಓಡಮ್ ಅವರು ಭೂಸೇನೆಯ ಗುಪ್ತಚರ ವಿಭಾಗದ ಮುಖ್ಯಸ್ಥರಾಗಿದ್ದರು. 1985ರ ಮೇ ತಿಂಗಳಿನಲ್ಲಿ, ರೊನಾಲ್ಡ್ ರೇಗನ್ ಅವರ ಆಡಳಿತದಲ್ಲಿ, ಎನ್‌ಎಸ್‌ಎ ನಿರ್ದೇಶಕರಾದರು. ಮೇರಿಲ್ಯಾಂಡ್‌ನ ಫೋರ್ಟ್ ಮೀಡ್‌ನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಈ ಸಂಸ್ಥೆಯು ವಿದೇಶಿ ಸಂವಹನಗಳನ್ನು ಆಲಿಸಿ ಅವುಗಳ ಸಂಕೇತಗಳನ್ನು ಬಿಡಿಸುವುದರ ಜೊತೆಗೆ, ಅಮೆರಿಕ ಸರ್ಕಾರದ ಸಂದೇಶಗಳ ಗೋಪ್ಯತೆಯನ್ನೂ ಕಾಪಾಡುತ್ತದೆ.

ಅವರು ಅಧಿಕಾರ ವಹಿಸಿಕೊಂಡ ವರ್ಷ ಅಮೆರಿಕದಲ್ಲಿ 'ಗೂಢಚಾರರ ವರ್ಷ' ಎಂದೇ ಹೆಸರಾಯಿತು. ಸುಮಾರು 17 ವರ್ಷಗಳ ಕಾಲ ನೌಕಾಪಡೆಯ ಸಂಕೇತ ಸಾಮಗ್ರಿಯನ್ನು ಸೋವಿಯೆತ್ ಒಕ್ಕೂಟಕ್ಕೆ ಮಾರಿದ್ದ ಜಾನ್ ವಾಕರ್ ಆ ಮೇ ತಿಂಗಳಿನಲ್ಲೇ ಸೆರೆಯಾದರೆ, ಎನ್‌ಎಸ್‌ಎಯ ಮಾಜಿ ನೌಕರ ರೊನಾಲ್ಡ್ ಪೆಲ್ಟನ್ ನವೆಂಬರ್‌ನಲ್ಲಿ ಸೆರೆಯಾದರು. ಸಮುದ್ರದಡಿಯ ಸೋವಿಯೆತ್ ಸಂಪರ್ಕ ತಂತಿಗಳಿಂದ ಅಮೆರಿಕ ಮಾಹಿತಿ ಪಡೆಯುತ್ತಿದ್ದ ಗುಟ್ಟು ಪೆಲ್ಟನ್ ಅವರಿಂದ ಬಯಲಾಗಿತ್ತು. ಗೋಪ್ಯ ಮಾಹಿತಿಯ ಸೋರಿಕೆಯನ್ನು ಓಡಮ್ ತೀವ್ರವಾಗಿ ವಿರೋಧಿಸಿದರು. ಮಾಹಿತಿಯ ಮೂಲ ಯಾವುದೆಂದು ಒಮ್ಮೆ ತಿಳಿದರೆ ಎದುರಾಳಿ ಅದನ್ನು ಮುಚ್ಚಿಬಿಡುತ್ತಾನೆ ಎಂಬುದು ಅವರ ವಾದವಾಗಿತ್ತು. 1988ರಲ್ಲಿ ಅವರು ಲೆಫ್ಟಿನೆಂಟ್ ಜನರಲ್ ಹುದ್ದೆಯಿಂದ ನಿವೃತ್ತರಾದರು.

ಬೋಧನಾ ವೃತ್ತಿ

ನಿವೃತ್ತಿಯ ನಂತರ ಓಡಮ್ ಅವರು ಹಡ್ಸನ್ ಸಂಸ್ಥೆಯಲ್ಲಿ ರಾಷ್ಟ್ರೀಯ ಭದ್ರತಾ ಅಧ್ಯಯನದ ಹೊಣೆ ಹೊತ್ತರು. ಜೊತೆಗೆ ಯೇಲ್ ಮತ್ತು ಜಾರ್ಜ್‌ಟೌನ್ ವಿಶ್ವವಿದ್ಯಾಲಯಗಳಲ್ಲಿ ಅರೆಕಾಲಿಕ ಪ್ರಾಧ್ಯಾಪಕರಾಗಿ ವಿಚಾರಗೋಷ್ಠಿ ಮಾದರಿಯ ತರಗತಿಗಳನ್ನು ನಡೆಸಿದರು. ಅಮೆರಿಕದ ರಾಷ್ಟ್ರೀಯ ಭದ್ರತಾ ನೀತಿ ಮತ್ತು ರಷ್ಯಾದ ರಾಜಕಾರಣ ಅವರ ಮುಖ್ಯ ಬೋಧನಾ ವಿಷಯಗಳಾಗಿದ್ದವು.

ಗುಪ್ತಚರ ಕಾರ್ಯವು ವಿಶ್ವವಿದ್ಯಾಲಯಗಳ ಅಧ್ಯಯನ ವಿಷಯವಾಗಿ ಬೆಳೆಯುತ್ತಿದ್ದ ಕಾಲವದು. ಸಿಐಎಯ ವಿಶ್ಲೇಷಣಾ ಪದ್ಧತಿಯನ್ನು ರೂಪಿಸಿದ ಶೆರ್ಮನ್ ಕೆಂಟ್ ಅವರು ಯೇಲ್‌ನಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದವರು. 1949ರಲ್ಲಿ ಪ್ರಕಟವಾದ ಅವರ ಗ್ರಂಥವನ್ನು ಈ ಕ್ಷೇತ್ರದ ಆರಂಭಿಕ ಕೃತಿಗಳಲ್ಲಿ ಒಂದೆಂದು ಗಣಿಸಲಾಗುತ್ತದೆ. 1985ರಲ್ಲಿ ಸಿಐಎ ತನ್ನ ಅಧಿಕಾರಿಗಳನ್ನು ವಿಶ್ವವಿದ್ಯಾಲಯಗಳಿಗೆ ಬೋಧಕರಾಗಿ ಕಳುಹಿಸುವ ಕಾರ್ಯಕ್ರಮವನ್ನು ಆರಂಭಿಸಿತು. 1986ರಲ್ಲಿ 'ಇಂಟೆಲಿಜೆನ್ಸ್ ಆ್ಯಂಡ್ ನ್ಯಾಷನಲ್ ಸೆಕ್ಯುರಿಟಿ' ಎಂಬ ವಿದ್ವತ್ಪತ್ರಿಕೆ ಹೊರಬಂದಿತು. 1992ರಲ್ಲಿ ಪೆನ್ಸಿಲ್ವೇನಿಯಾದ ಮರ್ಸಿಹರ್ಸ್ಟ್ ಕಾಲೇಜಿನಲ್ಲಿ ಎಫ್‌ಬಿಐನ ನಿವೃತ್ತ ಅಧಿಕಾರಿ ರಾಬರ್ಟ್ ಹೈಬೆಲ್ ಅವರು ಗುಪ್ತಚರ ವಿಶ್ಲೇಷಣೆಯ ಪದವಿ ಶಿಕ್ಷಣಕ್ಕೆ ಅಡಿಪಾಯ ಹಾಕಿದರು.

ನಿವೃತ್ತ ಅಧಿಕಾರಿಗಳು ಬೋಧಕರಾಗುವಾಗ ಒಂದು ಇಕ್ಕಟ್ಟು ಎದುರಾಗುತ್ತದೆ. ಅವರ ಅನುಭವದ ಬಹುಭಾಗ ಸರ್ಕಾರಿ ಗೋಪ್ಯತೆಗೆ ಒಳಪಟ್ಟಿರುತ್ತದೆ ಮತ್ತು ಈ ನಿರ್ಬಂಧ ನಿವೃತ್ತಿಯ ಬಳಿಕವೂ ಮುಂದುವರಿಯುತ್ತದೆ. ಇನ್ನೊಂದೆಡೆ, ವಿಶ್ವವಿದ್ಯಾಲಯದಲ್ಲಿ ಹೇಳಿದ ಮಾತಿಗೆ ಬಹಿರಂಗ ಆಧಾರ ಬೇಕು. 'ನನಗೆ ಗೊತ್ತು, ಆದರೆ ಹೇಳಲಾರೆ' ಎಂಬುದು ಅಲ್ಲಿ ವಾದವಾಗುವುದಿಲ್ಲ. ಓಡಮ್ ಅವರ ಬರಹಗಳಲ್ಲಿ ರಹಸ್ಯ ಕಾರ್ಯಾಚರಣೆಗಳ ರೋಚಕ ನಿರೂಪಣೆ ಕಾಣುವುದಿಲ್ಲ. ಸಂಸ್ಥೆಗಳ ರಚನೆ, ಹಣ ಹಂಚಿಕೆ, ಮಾಹಿತಿ ಸಂಗ್ರಹದಿಂದ ಬಳಕೆಯವರೆಗಿನ ಹಂತಗಳು ಮುಂತಾದ, ರಹಸ್ಯವನ್ನು ಬಯಲುಮಾಡದೆ ಚರ್ಚಿಸಬಹುದಾದ ಸಂಗತಿಗಳ ಮೇಲೆ ಅವರು ಗಮನವಿಟ್ಟರು.

ಸೋವಿಯೆತ್ ಸೇನೆಯ ಪತನದ ಅಧ್ಯಯನ

1998ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪ್ರಕಾಶನವು ಓಡಮ್ ಅವರ 'ದಿ ಕೊಲ್ಯಾಪ್ಸ್ ಆಫ್ ದಿ ಸೋವಿಯೆತ್ ಮಿಲಿಟರಿ' ಗ್ರಂಥವನ್ನು ಪ್ರಕಟಿಸಿತು. ಹಿಂದೆ ದೂರದಿಂದ, ಗುಟ್ಟಾಗಿ ಗಮನಿಸಬೇಕಾಗಿದ್ದ ಸೇನೆಯನ್ನು ಅವರು ಇಲ್ಲಿ ಪ್ರಕಟಿತ ದಾಖಲೆಗಳು, ಆತ್ಮಕಥೆಗಳು ಹಾಗೂ ಮಾಜಿ ಸೋವಿಯೆತ್ ಅಧಿಕಾರಿಗಳೊಂದಿಗಿನ ಸಂದರ್ಶನಗಳ ಮೂಲಕ ಅಧ್ಯಯನ ಮಾಡಿದರು. ಜಗತ್ತಿನ ಅತಿದೊಡ್ಡ ಸೇನೆಗಳಲ್ಲಿ ಒಂದು ಯುದ್ಧವೇ ಇಲ್ಲದೆ ಕೆಲವೇ ವರ್ಷಗಳಲ್ಲಿ ಹೇಗೆ ಕುಸಿಯಿತು ಎಂಬುದು ಈ ಗ್ರಂಥದ ಮೂಲ ಪ್ರಶ್ನೆ.

ಸೇನಾ ವೆಚ್ಚವನ್ನು ತಗ್ಗಿಸದೆ ಆರ್ಥಿಕತೆಯನ್ನು ಸುಧಾರಿಸಲಾಗದೆಂದು ಮಿಖಾಯಿಲ್ ಗೊರ್ಬಚೇವ್ ಅರಿತಿದ್ದರು ಎಂದು ಓಡಮ್ ವಾದಿಸುತ್ತಾರೆ. ಮುಕ್ತ ಚರ್ಚೆಗೆ ಅವಕಾಶ ದೊರೆತಾಗ ಸೇನೆಯೊಳಗೆ ಹಳೆಯ ಸೈನಿಕರು ಹೊಸಬರ ಮೇಲೆ ನಡೆಸುತ್ತಿದ್ದ ಹಿಂಸೆ ಬೆಳಕಿಗೆ ಬಂದಿತು. ಗಣರಾಜ್ಯಗಳಲ್ಲಿ ಕಡ್ಡಾಯ ಸೇನಾ ಸೇವೆಗೆ ವಿರೋಧ ಹೆಚ್ಚಿತು. ಪೂರ್ವ ಯುರೋಪಿನಿಂದ ಹಿಂದಿರುಗಿದ ಪಡೆಗಳಿಗೆ ವಸತಿಯೂ ಸಾಲದಾಯಿತು. 1991ರ ಆಗಸ್ಟ್ ತಿಂಗಳ ಕ್ಷಿಪ್ರಕ್ರಾಂತಿಯ ಯತ್ನದ ವೇಳೆಗೆ ಸೇನಾಧಿಕಾರಿಗಳಲ್ಲೇ ಒಮ್ಮತ ಉಳಿದಿರಲಿಲ್ಲ. ಈ ಗ್ರಂಥಕ್ಕೆ ಮಾರ್ಷಲ್ ಶುಲ್ಮನ್ ಪ್ರಶಸ್ತಿ ದೊರೆಯಿತು.

ಗುಪ್ತಚರ ಸುಧಾರಣೆಯ ಚಿಂತನೆ

'ಫಿಕ್ಸಿಂಗ್ ಇಂಟೆಲಿಜೆನ್ಸ್' 2001ರ ಸೆಪ್ಟೆಂಬರ್ 11ರ ದಾಳಿಗಳ ನಂತರ ಪ್ರಕಟವಾಯಿತಾದರೂ, ಅದರ ಮುಖ್ಯ ವಿಚಾರಗಳು 1990ರ ದಶಕದಲ್ಲಿ ಓಡಮ್ ಅವರು ನಡೆಸಿದ ಅಧ್ಯಯನದಲ್ಲಿಯೇ ರೂಪುಗೊಂಡಿದ್ದವು. ಪ್ರತಿ ವೈಫಲ್ಯದ ನಂತರವೂ ತಪ್ಪಿತಸ್ಥ ವ್ಯಕ್ತಿಗಳಿಗಾಗಿ ಹುಡುಕಾಟ ನಡೆಯುತ್ತದೆ, ಆದರೆ ದೋಷವು ವ್ಯವಸ್ಥೆಯ ರಚನೆಯಲ್ಲಿರುವುದರಿಂದ ವ್ಯಕ್ತಿಗಳು ಬದಲಾದರೂ ವೈಫಲ್ಯ ಮರುಕಳಿಸುತ್ತದೆ ಎಂಬುದು ಗ್ರಂಥದ ಕೇಂದ್ರ ವಾದ. ಉತ್ತಮ ರಚನೆಯೊಂದೇ ಯಶಸ್ಸನ್ನು ತರಲಾರದು. ಆದರೆ ಕೆಟ್ಟ ರಚನೆ ಸಮರ್ಥರ ಕೈಯನ್ನೂ ಕಟ್ಟಿಹಾಕುತ್ತದೆ ಎಂದು ಅವರು ಭಾವಿಸಿದ್ದರು.

ಅವರ ಪ್ರಮುಖ ಸಲಹೆಗಳು ಹೀಗಿವೆ:

ಮೊದಲನೆಯದಾಗಿ, ಇಡೀ ಗುಪ್ತಚರ ಸಮುದಾಯದ ಮುಖ್ಯಸ್ಥನ ಹುದ್ದೆಯನ್ನೂ ಸಿಐಎ ನಿರ್ದೇಶಕನ ಹುದ್ದೆಯನ್ನೂ ಬೇರ್ಪಡಿಸಬೇಕು. ಎರಡನ್ನೂ ಒಬ್ಬರೇ ನಿರ್ವಹಿಸಿದರೆ ಅವರು ತಮ್ಮ ಸಂಸ್ಥೆಯ ಹಿತವನ್ನು ಮೀರಿ ಒಟ್ಟು ವ್ಯವಸ್ಥೆಯನ್ನು ನೋಡುವುದು ಕಷ್ಟ.

ಎರಡನೆಯದಾಗಿ, ಸಂವಹನ ಆಲಿಕೆ, ಚಿತ್ರಗ್ರಹಣ, ಮನುಷ್ಯರ ಮೂಲಕ ನಡೆಯುವ ಬೇಹುಗಾರಿಕೆ ಈ ಮೂರು ಬಗೆಯ ಮಾಹಿತಿ ಸಂಗ್ರಹಕ್ಕೂ ತಲಾ ಒಬ್ಬ ರಾಷ್ಟ್ರೀಯ ವ್ಯವಸ್ಥಾಪಕ ಇರಬೇಕು. ಆಯಾ ಕ್ಷೇತ್ರದ ಹಣ ಮತ್ತು ಕೆಲಸ ಎರಡಕ್ಕೂ ಆತನೇ ಹೊಣೆಯಾಗಬೇಕು. ಹಣ ಒಬ್ಬರ ಕೈಯಲ್ಲಿ, ಹೊಣೆ ಇನ್ನೊಬ್ಬರ ಮೇಲೆ ಇರುವ ಏರ್ಪಾಡಿನಲ್ಲಿ ಖರ್ಚಿಗೂ ಫಲಕ್ಕೂ ತಾಳೆಯಾಗುವುದಿಲ್ಲ.

ಮೂರನೆಯದಾಗಿ, ಪ್ರತಿಬೇಹುಗಾರಿಕೆಯನ್ನು ಎಫ್‌ಬಿಐನಿಂದ ತೆಗೆದು ಪ್ರತ್ಯೇಕ ರಾಷ್ಟ್ರೀಯ ಸಂಸ್ಥೆಗೆ ವಹಿಸಬೇಕು. ಅಪರಾಧಿಯನ್ನು ಹಿಡಿದು ನ್ಯಾಯಾಲಯದಲ್ಲಿ ಶಿಕ್ಷೆ ಕೊಡಿಸುವುದು ಪೊಲೀಸರ ಗುರಿ. ಗೂಢಚಾರನನ್ನು ಗುರುತಿಸಿ, ಅವನ ಸಂಪರ್ಕಗಳೆಲ್ಲ ತಿಳಿಯುವವರೆಗೆ ತಾಳ್ಮೆಯಿಂದ ಕಾಯುವುದು ಪ್ರತಿಬೇಹುಗಾರಿಕೆಯ ಗುರಿ. ಈ ಎರಡು ಮನೋಧರ್ಮಗಳು ಒಂದೇ ಸಂಸ್ಥೆಯಲ್ಲಿ ಹೊಂದಿಕೊಳ್ಳಲಾರವು ಎಂಬುದು ಅವರ ಅಭಿಪ್ರಾಯ.

ವಿಶ್ಲೇಷಣೆಯ ವಿಷಯದಲ್ಲಿ ಅವರು ಸೇನೆಯ ಮಾದರಿಯನ್ನು ಮುಂದಿಟ್ಟರು. ಸೇನಾ ದಳದಲ್ಲಿ ಗುಪ್ತಚರ ಅಧಿಕಾರಿ ದಳಪತಿಯ ಪಕ್ಕದಲ್ಲೇ ಇದ್ದು, ಅವರಿಗೆ ಬೇಕಾದುದೇನೆಂದು ಅರಿತು ಕೆಲಸ ಮಾಡುತ್ತಾರೆ. ಅದೇ ರೀತಿ ವಿಶ್ಲೇಷಕರು ಮಾಹಿತಿಯನ್ನು ಬಳಸುವವರಿಗೆ ಹತ್ತಿರವಾಗಿರಬೇಕೆಂದು ಅವರು ಬಯಸಿದರು.

ಪರಿಣಾಮ ಮತ್ತು ವಿಮರ್ಶೆ

2004ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಗುಪ್ತಚರ ಸುಧಾರಣಾ ಕಾಯ್ದೆಯು ರಾಷ್ಟ್ರೀಯ ಗುಪ್ತಚರ ನಿರ್ದೇಶಕ ಎಂಬ ಹೊಸ ಹುದ್ದೆಯನ್ನು ಸೃಷ್ಟಿಸಿ, ಅದನ್ನು ಸಿಐಎ ನಿರ್ದೇಶಕನ ಹುದ್ದೆಯಿಂದ ಬೇರ್ಪಡಿಸಿತು. ಓಡಮ್ ಅವರಂತೆ ಇನ್ನೂ ಹಲವರು ಬಹುಕಾಲದಿಂದ ಈ ಸಲಹೆಯನ್ನು ಮುಂದಿಡುತ್ತ ಬಂದಿದ್ದರು. ಪ್ರತಿಬೇಹುಗಾರಿಕೆಗೆ ಪ್ರತ್ಯೇಕ ಸಂಸ್ಥೆಯ ಸಲಹೆಯು ಮಾತ್ರ ಕಾರ್ಯಗತವಾಗಲಿಲ್ಲ. ದೇಶದೊಳಗಿನ ಗುಪ್ತಚರ ಕಾರ್ಯಕ್ಕೆ ಹೊಸ ಸಂಸ್ಥೆ ಬೇಡ, ಅದು ಎಫ್‌ಬಿಐನಲ್ಲೇ ಉಳಿಯಲಿ ಎಂದು ಸೆಪ್ಟೆಂಬರ್ 11ರ ದಾಳಿಗಳ ತನಿಖಾ ಆಯೋಗವು 2004ರಲ್ಲಿ ಶಿಫಾರಸು ಮಾಡಿತ್ತು. 2005ರಲ್ಲಿ ಎಫ್‌ಬಿಐ ತನ್ನೊಳಗೇ ರಾಷ್ಟ್ರೀಯ ಭದ್ರತಾ ಶಾಖೆಯೊಂದನ್ನು ರಚಿಸಿಕೊಂಡಿತು.

ರಚನಾತ್ಮಕ ಸುಧಾರಣೆಗೆ ಒತ್ತು ನೀಡುವ ಇಂಥ ವಾದಗಳಿಗೆ ಸಾಮಾನ್ಯವಾಗಿ ಎರಡು ಆಕ್ಷೇಪಗಳು ಕೇಳಿಬರುತ್ತವೆ. ವಿಶ್ಲೇಷಕರ ಪೂರ್ವಗ್ರಹಗಳು ಹಾಗೂ ಅಧಿಕಾರಸ್ಥರು ತಮಗೆ ಒಪ್ಪದ ಮಾಹಿತಿಯನ್ನು ಕಡೆಗಣಿಸುವ ಪ್ರವೃತ್ತಿ ಸಂಸ್ಥೆಗಳ ಮರುಜೋಡಣೆಯಿಂದ ನಿವಾರಣೆಯಾಗುವುದಿಲ್ಲ ಎಂಬುದು ಒಂದು. ಪೊಲೀಸ್ ಅಧಿಕಾರದಿಂದ ಬೇರೆಯಾದ ಆಂತರಿಕ ಗುಪ್ತಚರ ಸಂಸ್ಥೆಯು ನಾಗರಿಕ ಹಕ್ಕುಗಳಿಗೆ ಅಪಾಯ ತರಬಹುದು ಎಂಬುದು ಇನ್ನೊಂದು.

ಇರಾಕ್ ಯುದ್ಧದ ಕುರಿತ ನಿಲುವು

ಶೀತಲ ಸಮರದ ಕಾಲದಲ್ಲಿ ಕಟ್ಟುನಿಟ್ಟಿನ ನಿಲುವಿಗೆ ಹೆಸರಾಗಿದ್ದ ಓಡಮ್ ಅವರು 2003ರ ಇರಾಕ್ ಆಕ್ರಮಣವನ್ನು ವಿರೋಧಿಸಿದ್ದು ಹಲವರಿಗೆ ಅನಿರೀಕ್ಷಿತವಾಗಿತ್ತು. ಈ ಯುದ್ಧದಿಂದ ಲಾಭವಾಗುವುದು ಇರಾನ್ ಮತ್ತು ಅಲ್ ಖೈದಾಗಳಿಗೆ, ಅಮೆರಿಕಕ್ಕಲ್ಲ ಎಂದು ಅವರು ವಾದಿಸಿದರು. ಪಡೆಗಳನ್ನು ಹಿಂದಕ್ಕೆ ಕರೆಸಬೇಕೆಂದು 2004ರಲ್ಲೇ ಒತ್ತಾಯಿಸಿದರು. ಭಯೋತ್ಪಾದನೆ ಒಂದು ಯುದ್ಧತಂತ್ರವೇ ಹೊರತು ಶತ್ರುವಲ್ಲ, ತಂತ್ರವೊಂದರ ಮೇಲೆ ಯುದ್ಧ ಸಾರಲಾಗದು ಎಂಬುದು ಅವರ ಅಭಿಮತವಾಗಿತ್ತು.

2007ರ ಫೆಬ್ರವರಿಯಲ್ಲಿ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನವು ಇರಾಕ್‌ನಲ್ಲಿ ವಿಜಯ ಸಾಧ್ಯವೇ ಇಲ್ಲವೆಂದು ಪ್ರತಿಪಾದಿಸಿತು. 2008ರ ಏಪ್ರಿಲ್‌ನಲ್ಲಿ ಅವರು ಸೆನೆಟ್‌ನ ವಿದೇಶಾಂಗ ಸಮಿತಿಯ ಮುಂದೆ ಹಾಜರಾಗಿ, ಹೆಚ್ಚುವರಿ ಪಡೆಗಳ ನಿಯೋಜನೆಯಿಂದ ಇರಾಕ್‌ನಲ್ಲಿ ರಾಜಕೀಯ ಸ್ಥಿರತೆ ಬಂದಿಲ್ಲವೆಂದು ಹೇಳಿಕೆ ನೀಡಿದರು. ನ್ಯಾಯಾಲಯದ ಅನುಮತಿಯಿಲ್ಲದೆ ಎನ್‌ಎಸ್‌ಎ ಅಮೆರಿಕನ್ನರ ಸಂವಹನಗಳನ್ನು ಆಲಿಸುತ್ತಿದ್ದ ಸಂಗತಿ 2005ರ ಡಿಸೆಂಬರ್‌ನಲ್ಲಿ ಬಯಲಾದಾಗ, ತಾವೇ ಮುನ್ನಡೆಸಿದ್ದ ಆ ಸಂಸ್ಥೆಯ ಕ್ರಮವನ್ನು ಓಡಮ್ ಖಂಡಿಸಿದರು. ಗೋಪ್ಯತೆಯನ್ನು ಬಲವಾಗಿ ಸಮರ್ಥಿಸುತ್ತಿದ್ದ ಅವರು, ಗೋಪ್ಯ ಕಾರ್ಯವೂ ಕಾನೂನಿನ ಚೌಕಟ್ಟಿನೊಳಗೇ ನಡೆಯಬೇಕೆಂಬ ವಿಷಯದಲ್ಲಿ ಅಷ್ಟೇ ನಿಷ್ಠುರವಾಗಿದ್ದರು.

ನಿಧನ

ಓಡಮ್ ಅವರು 2008ರ ಮೇ 30ರಂದು ವರ್ಮಾಂಟ್ ರಾಜ್ಯದ ಲಿಂಕನ್‌ನಲ್ಲಿ ತಮ್ಮ 75ನೆಯ ವಯಸ್ಸಿನಲ್ಲಿ ನಿಧನರಾದರು. ಸೆನೆಟ್ ಸಮಿತಿಯ ಮುಂದೆ ಅವರು ಹೇಳಿಕೆ ನೀಡಿ ಆಗ ಎರಡು ತಿಂಗಳೂ ಕಳೆದಿರಲಿಲ್ಲ. ಅವರ ಅಂತ್ಯಕ್ರಿಯೆ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ನಡೆಯಿತು.

ಪ್ರಮುಖ ಕೃತಿಗಳು

ದಿ ಸೋವಿಯೆತ್ ವಾಲಂಟಿಯರ್ಸ್ (1973)
ಆನ್ ಇಂಟರ್ನಲ್ ವಾರ್ (1992)
ಅಮೆರಿಕಾಸ್ ಮಿಲಿಟರಿ ರೆವಲ್ಯೂಷನ್ (1993)
ಕಾಮನ್‌ವೆಲ್ತ್ ಆರ್ ಎಂಪೈರ್? (1995, ರಾಬರ್ಟ್ ಡುಜಾರಿಕ್ ಅವರೊಂದಿಗೆ)
ದಿ ಕೊಲ್ಯಾಪ್ಸ್ ಆಫ್ ದಿ ಸೋವಿಯೆತ್ ಮಿಲಿಟರಿ (1998)
ಫಿಕ್ಸಿಂಗ್ ಇಂಟೆಲಿಜೆನ್ಸ್ (2003)
ಅಮೆರಿಕಾಸ್ ಇನ್‌ಅಡ್ವರ್ಟೆಂಟ್ ಎಂಪೈರ್ (2004, ರಾಬರ್ಟ್ ಡುಜಾರಿಕ್ ಅವರೊಂದಿಗೆ)